ಕಲ್ಲೆಳೆದವರ ತಂಡ

ಕೆಂಚನಗುಡ್ಡ ಫುಟ್‌ಬಾಲ್ ತಂಡದ ಮಾಲೀಕರು ಯಾರು ಎಂಬ ಪ್ರಶ್ನೆ ಈ ವರ್ಷದವರೆಗೆ ಯಾರಿಗೂ ಬಂದಿರಲಿಲ್ಲ. ಮೈದಾನ ಊರಿನ ಕಾಫಿ ಎಸ್ಟೇಟಿನದು. ಗೋಲಿನ ಕಂಬ ನೆಟ್ಟವರು ಊರಿನವರು. ಚೆಂಡನ್ನು ವರ್ಷಕ್ಕೊಬ್ಬರು ಕೊಡಿಸುತ್ತಿದ್ದರು. ಸದಸ್ಯತ್ವಕ್ಕೆ ಮಾತ್ರ ಒಂದು ಕ್ರಮವಿತ್ತು. ಮಾರ್ಚಿನಲ್ಲಿ ಕಾಫಿಗೆ ಹೂಮಳೆ ಬಿದ್ದು ಮಣ್ಣು ಮೆತ್ತಗಾದ ಮೊದಲ ಭಾನುವಾರ, ಹಿಂದೆ ರಾಗಿ ಒಕ್ಕಣೆಗೆ ಬಳಸುತ್ತಿದ್ದ ರೋಣಗಲ್ಲಿಗೆ ಹಗ್ಗ ಕಟ್ಟಿ ಮೈದಾನದುದ್ದಕ್ಕೂ ಎಳೆದು ನೆಲ ಸಮ ಮಾಡಬೇಕು. ಆ ದಿನ ಹಗ್ಗ ಹಿಡಿದವರೇ ಆ ವರ್ಷದ ಸದಸ್ಯರು. ಕಲ್ಲು ಎಳೆದಾದ ಮೇಲೆ ಪಕ್ಕದ ದಿಬ್ಬದಲ್ಲಿ ಕೂತು ಸಭೆ, ಕೈ ಎತ್ತಿ ತೀರ್ಮಾನ. ಮಧ್ಯಾಹ್ನ ವರ್ಷದ ಮೊದಲ ಪಂದ್ಯ.

ಆಟಗಾರರು ಹಗ್ಗ ಮುಟ್ಟುವಂತಿರಲಿಲ್ಲ. ಮಧ್ಯಾಹ್ನ ಓಡಬೇಕಾದವರು, ಸೊಂಟ ಹಿಡಿದುಕೊಂಡರೆ ಕಷ್ಟ ಎಂದು ಹಿಂದಿನವರು ಯೋಚಿಸಿ ಮಾಡಿದ್ದು. ಕಲ್ಲು ಉರುಳುವಷ್ಟು ಹೊತ್ತೂ ಅವರನ್ನು ಅತ್ತಿಮರದ ಕೆಳಗೆ ಕೂರಿಸಿ ಅವಲಕ್ಕಿ, ಬಾಳೆಹಣ್ಣು ಕೊಟ್ಟು ಮದುಮಕ್ಕಳ ಹಾಗೆ ನೋಡಿಕೊಳ್ಳುತ್ತಿದ್ದೆವು.

ನಾನು ಆಲೂರಿನಲ್ಲಿ ಮಣ್ಣು ಪರೀಕ್ಷೆಯ ಸಣ್ಣ ಲ್ಯಾಬ್ ನಡೆಸುತ್ತೇನೆ. ತಂಡದ ಕಾರ್ಯದರ್ಶಿಯೂ ಹೌದು. ಒಂದು ಸೂತ್ರ ಸಿಕ್ಕಿದರೆ ಅದು ಎಲ್ಲಿ ಕೆಲಸ ಮಾಡುವುದಿಲ್ಲ ಎಂದು ಮೊದಲು ಹುಡುಕುವುದು ರಸಾಯನಶಾಸ್ತ್ರ ಓದಿದವರ ಅಭ್ಯಾಸ. ಆದರೆ ಪ್ರೀತಿಯಿಂದ ಮಾಡಿದ ನಿಯಮಗಳನ್ನು ಯಾರೂ ಹಾಗೆ ಒರೆಗೆ ಹಚ್ಚುವುದಿಲ್ಲ.

ಕಳೆದ ಕೊಯ್ಲಿಗೆ ಮುಂಚೆ ಎಸ್ಟೇಟ್ ಮಾರಾಟವಾಯಿತು. ಕೊಂಡದ್ದು ಒಂದು ರೆಸಾರ್ಟ್ ಕಂಪನಿ. ಅದರ ಮ್ಯಾನೇಜರ್ ಅರುಣ್ ಮೂವತ್ತರ ಆಸುಪಾಸಿನವರು, ಮಾತು ಮೃದು. ಫುಟ್‌ಬಾಲ್ ನಿಜವಾಗಿಯೂ ಗೊತ್ತಿದ್ದವರು. ಈ ಭಾನುವಾರ ಅವರೂ ಬಂದು, ಕಲ್ಲು ಎಳೆಯುವುದನ್ನು ಜೀಪಿಗೆ ಒರಗಿ ನೋಡಿ, ಸಭೆ ಶುರುವಾದ ಕೂಡಲೇ ಕಂಪನಿಯ ಮಾತು ಮುಂದಿಟ್ಟರು. ಮೈದಾನಕ್ಕೆ ಒಳ್ಳೆಯ ಹುಲ್ಲು, ದೀಪದ ಕಂಬಗಳು, ಹೊರಗಿನಿಂದ ಒಬ್ಬ ಕೋಚ್. ಕೆಲವೇ ವರ್ಷಗಳಲ್ಲಿ ತಂಡ ಬೆಂಗಳೂರಿನ ಲೀಗಿನಲ್ಲಿ ಆಡಬೇಕು. ಅದಕ್ಕೆ ಪ್ರತಿಯಾಗಿ ತಂಡ ಕಂಪನಿಯದಾಗಬೇಕು. ಜಿಲ್ಲಾ ಲೀಗಿನಲ್ಲಿ ನಮ್ಮ ಹೆಸರಿಗಿರುವ ಜಾಗವನ್ನು ಸದಸ್ಯರು ಒಪ್ಪದೆ ಬೇರೆಯವರಿಗೆ ಕೊಡಲಾಗದು; ಅದಕ್ಕೇ ಅವರು ನಮ್ಮ ದಿಬ್ಬದವರೆಗೆ ಬಂದದ್ದು.

"ಹೆಸರು?" ಎಂದರು ಲಿಗೋರಿಯಣ್ಣ. ಅವರು ತಂಡದ ಅಧ್ಯಕ್ಷರು, ಎಪ್ಪತ್ತು ದಾಟಿದವರು, ಪಕ್ಕದಲ್ಲೇ ಸ್ವಂತ ಸಣ್ಣ ತೋಟ.

"ಮಿಸ್ಟಿ ಹಿಲ್ಸ್ ಅಂತ ಇಡೋಣ ಅಂತ ಇದೀವಿ, ಸರ್. ಕೆಳಗೆ ಚಿಕ್ಕದಾಗಿ ಕೆಂಚನಗುಡ್ಡ ಅಂತಾನೂ ಇರುತ್ತೆ."

"ಚಿಕ್ಕದಾಗಿ ಅಂದ್ರೆ ಎಷ್ಟು ಚಿಕ್ಕದು?"

"ಕನ್ನಡಕ ಹಾಕ್ಕಂಡ್ರೆ ಕಾಣೋಷ್ಟು," ಎಂದಳು ಈರಮ್ಮ. ಈರಮ್ಮ ಎಸ್ಟೇಟ್ ಕೂಲಿಯವರಿಗೆ ಕೊಟ್ಟಿರುವ ಲೈನ್ ಮನೆಯಲ್ಲಿರುವವಳು, ಕೊಯ್ಲಿನ ಮೇಸ್ತ್ರಿ. ನಮ್ಮ ತಂಡ ಆಡುವಾಗ ಅವಳ ಗಂಟಲು ಕೆಳಗಿನ ರಸ್ತೆಯ ಬಸ್ಸಿನವರಿಗೂ ಕೇಳಿಸುತ್ತದೆ. ಎಲ್ಲರೂ ನಕ್ಕರು. ಅರುಣ್ ಕೂಡ ನಕ್ಕರು.

ನಗದೆ ಕೂತವನು ಜೆರಾಲ್ಡ್. ಆಲೂರಿನಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ತಂಡ ಸೋತ ಮರುದಿನ ಅವನ ಅಂಗಡಿಗೆ ಮೊಳೆ ಕೇಳಲು ಹೋದವರೂ ಬೈಸಿಕೊಂಡು ಬರುತ್ತಾರೆ.

"ನಗಾಡಿ, ನಗಾಡಿ," ಎಂದು ಎದ್ದು ನಿಂತ. "ಬಾಲು ಎಲ್ಲೋದ? ಮೈಸೂರು ಟೀಮಿಗೆ. ಕ್ರಿಸ್ಟೋಫರ್? ಉಡುಪಿಗೆ. ನಾವು ನರ್ಸರಿ ನಡೆಸ್ತಿದೀವಿ ಕಣ್ರೀ. ಸಸಿ ಮಾಡೋದು ನಾವು, ನೆರಳು ಕಟ್ಟೋದು ನಾವು. ಗಿಡ ಫಸಲಿಗೆ ಬರೋ ಹೊತ್ತಿಗೆ ಇನ್ನೊಬ್ಬ ಬಂದು ಬುಡಸಮೇತ ಎತ್ಕಂಡು ಹೋಗ್ಬುಡ್ತಾನೆ. ಈಗ ವಸಂತ ಒಬ್ಬ ಉಳ್ದವ್ನೆ. ಮೇ ತಿಂಗಳಲ್ಲಿ ಮಂಗಳೂರಿನೋರು ಟ್ರಯಲ್‌ಗೆ ಬಾ ಅಂದವ್ರೆ. ಅವನೂ ಹೋದ್ಮೇಲೆ ದಿಬ್ಬದ ಮೇಲೆ ಕೂತ್ಕಂಡು ಏನ್ ನೋಡ್ತೀರ, ದನ ಮೇಯೋದನ್ನಾ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ವಸಂತ ಎಡಗಾಲಿನ ಆಟಗಾರ. ಬೆಳಗ್ಗೆ ಆಲೂರಿನಿಂದ ಕೆ. ಹೊಸಕೋಟೆಯ ಕಡೆಗೆ ಹಾಲಿನ ವ್ಯಾನ್ ಓಡಿಸುತ್ತಾನೆ, ಸಂಜೆ ಇಲ್ಲಿ ಬಂದು ಓಡುತ್ತಾನೆ. ಚೆಂಡು ಅವನ ಕಾಲಿಗೆ ಬಂದಾಗ ದಿಬ್ಬದ ಮೇಲೆ ಮಾತು ನಿಲ್ಲುತ್ತದೆ. ಅದನ್ನು ಬೇರೆ ರೀತಿ ವಿವರಿಸಲು ನನಗೆ ಬರುವುದಿಲ್ಲ.

"ಕಂಪನಿ ಏನ್ಮಾಡುತ್ತೆ ಹೇಳ್ರಿ ಸಾರ್," ಎಂದ ಜೆರಾಲ್ಡ್.

ಅರುಣ್ ಮುಚ್ಚುಮರೆಯಿಲ್ಲದೆ ಹೇಳಿದರು. ತಂಡದ ಜೊತೆ ಆಟಗಾರರೂ ಕಂಪನಿಗೆ ಬರುತ್ತಾರೆ. ಸಂಬಳ, ಬೂಟು, ಡಾಕ್ಟರು, ಎಲ್ಲ ಕಂಪನಿಯದು. ಮೂರು ವರ್ಷ ಕಂಪನಿ ಬಿಟ್ಟುಕೊಡದೆ ಯಾರೂ ಬೇರೆ ಕಡೆ ಆಡುವಂತಿಲ್ಲ. ಒಪ್ಪದವನು ಮನೆಯಲ್ಲಿ ಕೂರಬೇಕು. ಜಿಲ್ಲಾ ಲೀಗಿನಲ್ಲಿ ಅವನ ಹೆಸರು ಈ ತಂಡದಲ್ಲೇ ಇರುವುದರಿಂದ ಇನ್ನೊಂದು ತಂಡಕ್ಕೆ ಹೋಗಲು ನಮ್ಮ ಒಪ್ಪಿಗೆ ಬೇಕು. ನಾಳೆಯಿಂದ 'ನಮ್ಮ' ಎಂದರೆ ಕಂಪನಿಯ.

"ಅಂದ್ರೆ ವಸಂತ ಎಲ್ಲೂ ಹೋಗಲ್ಲ," ಎಂದರು ಲಿಗೋರಿಯಣ್ಣ ನಿಧಾನವಾಗಿ.

"ಎಲ್ಲೂ ಹೋಗಲ್ಲ, ಸರ್."

ಹೆಸರಿಗಾಗಿ ಜಗಳಕ್ಕೆ ಸಿದ್ಧರಾಗಿದ್ದ ಮುದುಕರು ಅಲ್ಲಿಗೆ ಮೆತ್ತಗಾದರು. ಇನ್ನೂ ಮೂರು ವರ್ಷ ಆ ಎಡಗಾಲು. ಸುತ್ತ ಕೂತವರ ಮುಖದಲ್ಲಿ ಆಸೆ ಹರಡುವುದನ್ನು ನಾನು ಕಂಡೆ. ನನ್ನ ಮುಖದಲ್ಲೂ ಅದೇ ಇದ್ದಿರಬೇಕು. ಹೆಸರು ಹೋದರೆ ಹೋಗಲಿ, ಅವನ ಆಟ ಇರುತ್ತದಲ್ಲ ಎಂದು ನನಗೂ ಅನ್ನಿಸಿತ್ತು.

"ಸರಿ, ಕೈ ಎತ್ತಿ ಬುಡಿ ಹಂಗಾರೆ," ಎಂದ ಜೆರಾಲ್ಡ್.

"ಒಂದು ಮಾತು."

ಅತ್ತಿಮರದ ಕೆಳಗಿನಿಂದ ವಸಂತ ಎದ್ದು ಬಂದಿದ್ದ.

"ನೀನು ಹೋಗಿ ಕೂತ್ಕೋ ಮಗ," ಎಂದರು ಲಿಗೋರಿಯಣ್ಣ. "ಆಟಗಾರರು ಸಭೇಲಿ ಮಾತಾಡೋ ಪದ್ಧತಿ ಇಲ್ಲ."

"ನಿಂಗೇ ಒಳ್ಳೇದಾಯ್ತಿರೋದು ಕಣೋ," ಎಂದ ಜೆರಾಲ್ಡ್. "ಹಾಲಿನ ಕ್ಯಾನು ಎತ್ತೋದು ತಪ್ತದೆ."

"ಕ್ಯಾನು ನಾನು ಎತ್ತೀನಿ ಜೆರಾಲ್ಡಣ್ಣ. ಎತ್ತಿ ಇಳ್ಸಿದ್ಮೇಲೆ ನಾನು ಎಲ್ಲಿಗ್ ಬೇಕಾದ್ರೂ ಹೋಗ್ಬೋದು." ವಸಂತನ ದನಿ ಏರಿರಲಿಲ್ಲ. "ಎಸ್ಟೇಟ್ ಮಾರ್ದಾಗ ಏನ್ ಮಾಡುದ್ರು? ಸಿಲ್ವರ್ ಓಕ್ ಇಷ್ಟು, ಹಲಸು ಇಷ್ಟು ಅಂತ ಮರಕ್ಕೆ ನಂಬರ್ ಹೊಡ್ದು, ಎಣ್ಸಿ ಕೊಟ್ರು. ಹಂಗೇ ನನ್ನೂ ಎಣ್ಸಿ ಕೊಡ್ತೀರಾ?"

"ಯಾರಪ್ಪ ಹಂಗಂದಿದ್ದು! ನಿನ್ ಮೇಲಿನ ಪ್ರೀತಿಗೆ ಕಣೋ," ಎಂದ ಜೆರಾಲ್ಡ್.

"ಗೊತ್ತು. ಅದಕ್ಕೇ ಕೇಳ್ತಿರೋದು. ಪ್ರೀತಿ ಇದ್ದೋರೇ ಹಿಂಗ್ ಮಾಡುದ್ರೆ ಯಾರನ್ನ ಕೇಳ್ಲಿ?"

ವಸಂತ ನನ್ನ ಕಡೆ ತಿರುಗಿದ.

"ರೀನಾ ಮೇಡಂ, ನಿಯಮದಲ್ಲಿ ಏನೈತೆ? ಯಾರು ಕೈ ಎತ್ಬೋದು?"

"ಇವತ್ತು ಹಗ್ಗ ಹಿಡಿದವರು."

"ಆಟಗಾರರು ಹಿಡಿಬಾರ್ದು ಅಂತ ಐತಾ?"

ನಾನು ಯೋಚಿಸಿದೆ. ತಂಡದ ಪುಸ್ತಕದಲ್ಲಿ ಬರೆದಿಟ್ಟ ನಿಯಮಗಳನ್ನು ಎಷ್ಟೋ ಸಲ ಓದಿದ್ದೆ. ಹಗ್ಗ, ಭಾನುವಾರ, ಹೂಮಳೆ, ಎಲ್ಲವೂ ಅಲ್ಲಿತ್ತು. ಆಟಗಾರರ ಮಾತೇ ಇರಲಿಲ್ಲ. ಅವರನ್ನು ಮರದ ಕೆಳಗೆ ಕೂರಿಸಿದ್ದು ಬರೀ ವಾಡಿಕೆ. ಸೊಂಟ ನೋಯಬಾರದೆಂದು ಅವರನ್ನು ಹಗ್ಗದಿಂದ ದೂರವಿಟ್ಟೆವು, ಹಗ್ಗದಿಂದ ದೂರವಿಟ್ಟದ್ದರಿಂದ ಅವರಿಗೆ ಮತವಿಲ್ಲವಾಯಿತು. ಮತವಿಲ್ಲದವರ ಮುಂದೆಯೇ ಕೂತು, ಅವರು ಎಲ್ಲಿ ಬಾಳಬೇಕೆಂದು ಈಗ ತೀರ್ಮಾನಿಸುತ್ತಿದ್ದೆವು. ಇಷ್ಟು ವರ್ಷ ಯಾರಿಗೂ ಇದು ಹೊಳೆಯದೆ ಹೋದದ್ದಕ್ಕೆ ಕಾರಣ, ಇದುವರೆಗೆ ಅಲ್ಲಿ ತೀರ್ಮಾನವಾಗುತ್ತಿದ್ದದ್ದು ಜರ್ಸಿಯ ಬಣ್ಣದಂಥ ವಿಷಯಗಳು ಮಾತ್ರ.

"ಇಲ್ಲ," ಎಂದೆ. "ಹಾಗೆ ಎಲ್ಲೂ ಇಲ್ಲ."

"ಭಾನುವಾರ ಇನ್ನೂ ಮುಗ್ದಿಲ್ವಲ್ಲ?"

ಉತ್ತರಕ್ಕೆ ಕಾಯಲಿಲ್ಲ. ನೇರ ಹೋಗಿ, ಮೂಲೆಯಲ್ಲಿ ನಿಲ್ಲಿಸಿದ್ದ ರೋಣಗಲ್ಲಿನ ಹಗ್ಗವನ್ನು ಹೆಗಲಿಗೆ ಹಾಕಿಕೊಂಡ.

"ಏಯ್! ಸೊಂಟ ಹೋಗ್ಬುಟ್ರೆ ಮಧ್ಯಾಹ್ನ ನಿಮ್ಮಪ್ಪ ಆಡ್ತಾನಾ?" ಜೆರಾಲ್ಡ್ ಕೂಗುತ್ತ ದಿಬ್ಬ ಇಳಿದ. "ಬುಡೋ ಮಾರಾಯ!"

ಕಲ್ಲು ಅಲುಗಲಿಲ್ಲ. ಹದಿನೈದು ಜನ ಎಳೆಯುವ ಕಲ್ಲು ಅದು. ಒಬ್ಬನ ಹೆಗಲಿಗೆ ಬಗ್ಗುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಕಾಲು ಊರಿಕೊಂಡು ಎಳೆಯುತ್ತಲೇ ಇದ್ದ. ಕತ್ತಿನ ನರ ಉಬ್ಬಿತು. ಆಗ ಗೋಲ್‌ಕೀಪರ್ ತಿನ್ನುತ್ತಿದ್ದ ಬಾಳೆಹಣ್ಣನ್ನು ಎಲೆಯ ಮೇಲಿಟ್ಟು ಎದ್ದ. ಅವನ ಹಿಂದೆ ಇಬ್ಬರು, ಆಮೇಲೆ ಎಲ್ಲರೂ. ಗಾಯವಾಗಿ ಈ ಸಲ ಆಡದವನೂ ಕುಂಟುತ್ತ ಹೋಗಿ ಹಗ್ಗದ ತುದಿ ಹಿಡಿದ. ಕಲ್ಲು ಒಮ್ಮೆ ಮುಂದಕ್ಕೆ ತೂಗಿ, ಹಿಂದಕ್ಕೆ ಬಂದು, ಮತ್ತೆ ತೂಗಿ, ಉರುಳಿತು.

ಅವರು ಅದನ್ನು ಅರ್ಧದವರೆಗೆ ಎಳೆದು ನಿಲ್ಲಿಸಬಹುದಿತ್ತು. ನಿಯಮಕ್ಕೆ ಅಷ್ಟು ಸಾಕಾಗಿತ್ತು. ಆ ತುದಿಯವರೆಗೆ ಎಳೆದುಕೊಂಡು ಹೋಗಿ, ತಿರುಗಿಸಿ, ವಾಪಸು ತಂದರು. ಬೆವರು ಒರೆಸಿಕೊಳ್ಳುತ್ತ ಬಂದು ನಮ್ಮ ನಡುವೆ ದಿಬ್ಬದ ಮೇಲೆ ಕೂತರು. ಅವರಿಗೆ ಜಾಗ ಬಿಡಲು ನಾವು ಸರಿದುಕೊಳ್ಳಬೇಕಾಯಿತು.

ಲಿಗೋರಿಯಣ್ಣ, "ತಂಡ ಕಂಪನಿಗೆ ಕೊಡೋಣ ಅನ್ನೋರು ಕೈ ಎತ್ತಿ," ಎಂದರು.

ಜೆರಾಲ್ಡ್ ಎತ್ತಿದ. ಅವನ ಜೊತೆ ಇನ್ನೂ ಕೆಲವರು ಎತ್ತಿದರು. ಅವನು ಹಿಂದೆ ತಿರುಗಿ ಎಷ್ಟು ಕೈ ಎಂದು ನೋಡಲಿಲ್ಲ, ತನ್ನದನ್ನು ಇಳಿಸಲೂ ಇಲ್ಲ. ಅವನು ನಂಬಿದ್ದನ್ನು ಅವನು ಹೇಳಿದ್ದ.

"ಬೇಡ ಅನ್ನೋರು?"

ಅಧ್ಯಕ್ಷರ ಕೈ ಎಲ್ಲರಿಗಿಂತ ಮೊದಲು ಮೇಲೆ ಹೋಯಿತು. ನಾನು ಎತ್ತಿದೆ. ಆಟಗಾರರು ಎತ್ತಿದರು. ಈರಮ್ಮ ಎತ್ತುವ ಮೊದಲು ಅವಳ ಪಕ್ಕದವಳು ಸೆರಗು ಜಗ್ಗಿ, "ಲೈನ್ ಮನೇಲಿರೋಳು ನೀನು, ಅವರ ಮುಂದೇನೇ ಎತ್ತೀಯಲ್ಲೇ," ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಈರಮ್ಮ ಅರುಣ್ ಮುಖವನ್ನೇ ನೋಡುತ್ತ, ಬಳೆ ಮೊಣಕೈಗೆ ಜಾರುವಷ್ಟು ಎತ್ತರಕ್ಕೆ ಕೈ ಎತ್ತಿದಳು. ಆಮೇಲೆ ಸೆರಗು ಜಗ್ಗಿದವಳೂ ಎತ್ತಿದಳು. ಬೇಡವೆಂದ ಕೈಗಳೇ ಹೆಚ್ಚೆಂದು ತಿಳಿಯಲು ಎಣಿಸುವ ಅಗತ್ಯ ಬೀಳಲಿಲ್ಲ.

ಅರುಣ್ ಅವಮಾನವಾದವರಂತೆ ಕಾಣಲಿಲ್ಲ. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೇ ತಿಂಗಳಲ್ಲಿ ಇವರು ಮಂಗಳೂರಿಗೆ ಹೋದ್ರೆ ಏನ್ ಮಾಡ್ತೀರಿ?"

ಎಲ್ಲರೂ ವಸಂತನನ್ನು ನೋಡಿದರು. ಹೋಗುವುದಿಲ್ಲ ಎನ್ನುತ್ತಾನೆಂದು ಕೆಲವರು ಕಾದಿರಬೇಕು.

"ಹೋದ್ರೂ ಹೋಗ್ಬೋದು," ಎಂದ ವಸಂತ. "ಟ್ರಯಲ್‌ಗಂತೂ ಹೋಗ್ತೀನಿ."

"ಹೋಗ್ಲಿ ಬುಡಿ ಸಾರ್," ಎಂದಳು ಈರಮ್ಮ. "ಅಲ್ಲಿ ಆಡುದ್ರೆ ಅಲ್ಲಿಗೆ ಬಸ್ ಹತ್ಕಂಡು ಹೋಗಿ ಕೂಗ್ತೀವಿ. ಇಲ್ಲಿ ಇನ್ನೊಬ್ಬನ್ನ ತಯಾರು ಮಾಡ್ತೀವಿ. ಅವನೂ ಹೋದ್ರೆ ಇನ್ನೊಬ್ಬ. ನಮ್ಗೇನು ಕೆಲ್ಸ ಇಲ್ವಾ?"

"ಬಾಯಲ್ಲೇ ತಯಾರು ಮಾಡ್ತಾಳೆ," ಎಂದ ಜೆರಾಲ್ಡ್.

"ನೀನು ಅಂಗಡೀಲಿ ಬೈದು ಮಾಡ್ದೆ ನೋಡು, ಹಂಗೇ."

ಅರುಣ್ ನಿಟ್ಟುಸಿರಿಟ್ಟರು. "ನೆಲ ಕಂಪನಿಯದು. ಅದು ನಿಮಗೂ ಗೊತ್ತು. ನಾಳೆಯಿಂದ ಈ ಕಡೆ ಗೇಟಿಗೆ ಬೀಗ ಹಾಕಿಸಬೇಕಾಗುತ್ತೆ."

"ಹಾಕ್ಸಿ," ಎಂದರು ಲಿಗೋರಿಯಣ್ಣ. ಮೊಣಕಾಲಿಗೆ ಕೈ ಊರಿ ಎದ್ದು ನಿಂತರು. "ಗದ್ದೆಗಳೆಲ್ಲ ಕೊಯ್ಲು ಮುಗ್ದು ಖಾಲಿ ಬಿದ್ದವೆ, ಅಲ್ಲೇ ಆಡ್ತೀವಿ. ಜೂನ್‌ವರೆಗೂ ಯಾರೂ ಉಳೋಲ್ಲ. ಆಮೇಲಿಂದು ಆಮೇಲೆ. ನಾಳೆ ತಾನೆ ಬೀಗ? ಇವತ್ತು ಮ್ಯಾಚ್ ಐತೆ."

ಅಷ್ಟರಲ್ಲಿ ಕೆ. ಹೊಸಕೋಟೆಯ ತಂಡದ ಪಿಕಪ್ ಗೇಟು ದಾಟಿ ಒಳಗೆ ಬಂತು. ಹಿಂದೆ ನಿಂತಿದ್ದ ಹುಡುಗರು ನಮ್ಮನ್ನು ಕಂಡು ಸಿಳ್ಳೆ ಹೊಡೆದರು.

ಜೆರಾಲ್ಡ್ ವಸಂತನನ್ನು ಮರದ ಕೆಳಗೆ ಬೋರಲು ಮಲಗಿಸಿ ಸೊಂಟಕ್ಕೆ ಮುಲಾಮು ತಿಕ್ಕತೊಡಗಿದ. ತಿಕ್ಕುವ ಕೈ ನಿಲ್ಲಲಿಲ್ಲ, ಬೈಗುಳವೂ ನಿಲ್ಲಲಿಲ್ಲ. ಕಂಪನಿಯ ಡಾಕ್ಟರನ್ನು ಬಿಟ್ಟ ಪೆದ್ದ, ಮಂಗಳೂರಿನಲ್ಲಿ ಸೆಖೆಗೆ ಸಾಯುತ್ತೀಯ, ಕಾರ್ನರ್ ಸಿಕ್ಕಿದರೆ ಎಡಗಾಲಲ್ಲೇ ಹೊಡಿ, ಮೊದಲ ಕಂಬಕ್ಕೆ ಹೊಡಿಯಬೇಡ. ವಸಂತ ಪ್ರತಿಯೊಂದಕ್ಕೂ "ಹೂಂ" ಎನ್ನುತ್ತಿದ್ದ.

ಬಿಸಿಲು ಇಳಿಮುಖವಾದಾಗ ಆಟ ಶುರುವಾಯಿತು. ಹೊಸದಾಗಿ ಸಮವಾದ ನೆಲದ ಮೇಲೆ ಚೆಂಡು ನೆಗೆಯದೆ ಓಡುತ್ತಿತ್ತು. ಅರುಣ್ ಹೋಗಿರಲಿಲ್ಲ. ಆಟ ಗೊತ್ತಿರುವವರಿಗೆ ಅದು ಕಷ್ಟ. ಜೀಪಿನಿಂದ ಸ್ವಲ್ಪ ಸ್ವಲ್ಪವೇ ಮುಂದೆ ಬಂದು, ವಸಂತ ಎಡ ಅಂಚಿನಲ್ಲಿ ಚೆಂಡು ತೆಗೆದುಕೊಂಡು ಓಡಿಬರುವಾಗ, ಕತ್ತು ಚಾಚಿ ಸುಣ್ಣದ ಗೆರೆಯ ಮೇಲೆಯೇ ನಿಂತುಬಿಟ್ಟಿದ್ದರು.

"ಸಾರ್!" ಈರಮ್ಮ ದಿಬ್ಬದ ಮೇಲಿನಿಂದ ಕೂಗಿದಳು. "ಗೆರೆ ಮೇಲೆ ನಿಂತಿದೀರ. ಆಚೆ ಸರೀರಿ, ನಮ್ಮುಡುಗ ಬರ್ತಾವ್ನೆ!"

ಅರುಣ್ ತಮ್ಮ ಕಾಲ ಕೆಳಗೆ ನೋಡಿಕೊಂಡು ಗೆರೆಯ ಆಚೆಗೆ ಸರಿದರು.