ಮೂರನೆಯ ಚೆಂಡು

ಎದೆರೋಗದ ವಾರ್ಡಿನಲ್ಲಿ ಒಂದೇ ವಾರದಲ್ಲಿ ಇಬ್ಬರು ತೀರಿಕೊಂಡರು. ಸೋಮವಾರ ಬಸ್ ಡ್ರೈವರು, ಗುರುವಾರ ಪೋಸ್ಟ್‌ಮ್ಯಾನು. ಇಬ್ಬರನ್ನೂ ಇಪ್ಪತ್ತು ದಿನ ನೋಡಿಕೊಂಡವಳು ಒಬ್ಬಳೇ ನರ್ಸು. ಹೆಂಡತಿ ಬರುವ ತನಕ ಪೋಸ್ಟ್‌ಮ್ಯಾನರ ಕೈ ಹಿಡಿದು ಕೂತಿದ್ದಳು. ಆಮೇಲೆ ಆಯಾಳನ್ನು ಕರೆಯದೆ ತಾನೇ ಹಾಸಿಗೆಯ ಬಟ್ಟೆ ಬದಲಾಯಿಸಿದಳು. ಕಣ್ಣಿಂದ ಒಂದು ಹನಿ ಬೀಳಲಿಲ್ಲ. ಸಂಜೆ ಮನೆಯಲ್ಲಿ ಮಾತ್ರ ಅನ್ನವನ್ನು ತಟ್ಟೆಯಲ್ಲೇ ಅತ್ತ ಇತ್ತ ಸರಿಸುತ್ತ ಕೂತಳು.

"ಏನಮ್ಮಾ, ಕೋಳಿ ಕೆದಕಿದ ಹಾಗೆ ಕೆದಕ್ತಾ ಇದೀಯ?" ಎಂದರು ಅತ್ತೆ.

"ರೆಕಾರ್ಡ್ ರೂಮಿಗೆ ಹಾಕಿಸ್ಕೊಳ್ತೀನಿ ಅತ್ತೆ. ಅಲ್ಲಿ ಬರೀ ಕಾಗದ. ಕಾಗದ ಸಾಯಲ್ಲ."

"ಸಾಯಲ್ಲ, ಗೆದ್ದಲು ಹಿಡಿಯುತ್ತೆ. ನಾಳೆ ಒಂದಿನ ಹೋಗಿ ಬಾ. ಆಮೇಲೆ ಬೇಕಾದ್ರೆ ಅರ್ಜಿ ಬರಿ."

ಪೋಸ್ಟ್‌ಮ್ಯಾನ್ ಪಕ್ಕದ ಹಾಸಿಗೆ ಕ್ಲಾರಿನೆಟ್ ತಾತನದು. ನಲವತ್ತು ವರ್ಷ ಬ್ಯಾಂಡಿನಲ್ಲಿ ಊದಿದವರು. ನ್ಯುಮೋನಿಯಾ ಆದ ಮೇಲೆ ಊದುವುದಿರಲಿ, ನಾಲ್ಕು ಮಾತಾಡಿದರೂ ಏದುಸಿರು. ವ್ಯಾಯಾಮಕ್ಕೆಂದು ಅವರಿಗೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಅದರ ಕೊಳವೆ ಬಾಯಲ್ಲಿಟ್ಟು ಉಸಿರು ಒಳಗೆಳೆದರೆ ಮೂರು ಚೆಂಡುಗಳು ಒಂದೊಂದಾಗಿ ಮೇಲೇರಬೇಕು. ತಾತನಿಗೆ ಒಂದಕ್ಕೇ ಸುಸ್ತು. "ನಾನು ಊದೋನು ಸಿಸ್ಟರ್, ಇದು ಎಳೆಯೋ ಕೆಲಸ" ಎಂದು ನೆಪ ಹೇಳುವರು; ಅವಳು ಬೈದು ಎಳೆಸುವಳು.

ಆ ಶುಕ್ರವಾರ ಡಬ್ಬಿ ಮಂಚದ ಕೆಳಗಿತ್ತು. ತಾತ ಗೋಡೆಯ ಕಡೆ ತಿರುಗಿ ಮಲಗಿದ್ದರು.

"ಬೆಳಿಗ್ಗೆ ಎಷ್ಟು ಸಲ ಎಳೆದ್ರಿ ತಾತ?"

"ಪೋಸ್ಟ್‌ಮ್ಯಾನ್ ಎರಡು ಚೆಂಡು ಏರಿಸ್ತಿದ್ರು. ಏನು ಬಂತು?"

ಇಂಥ ಪ್ರಶ್ನೆಗೆ ಹೇಳಬೇಕಾದ ಉತ್ತರಗಳೆಲ್ಲ ಅವಳಿಗೆ ಬಾಯಿಪಾಠ. ಅವನ್ನೆಲ್ಲ ಬದಿಗಿಟ್ಟಳು. ಸ್ಟೂಲು ಎಳೆದುಕೊಂಡು ಕೂತಳು. "ಕೈಲಾದದ್ದೆಲ್ಲ ಮಾಡಿದ್ವಿ ತಾತ. ಉಳಿಸ್ಕೊಳ್ಳೋಕೆ ಆಗ್ಲಿಲ್ಲ" ಎನ್ನುವಾಗ, ಸೋಮವಾರದಿಂದ ಕಟ್ಟಿಕೊಂಡಿದ್ದ ಅಳು ಒಡೆಯಿತು.

ತಾತ ಗಾಬರಿಯಾಗಿ ಎದ್ದು ಕೂತು ತಮ್ಮ ಟವೆಲ್ ಕೊಟ್ಟರು. ಅವಳು ಮೂಗೊರೆಸಿಕೊಳ್ಳುವ ತನಕ ಕಾದು, "ಒಳ್ಳೇದೇ ಆಯ್ತು ಬಿಡಿ" ಎಂದರು. "ನೀವು ಸೋಮವಾರದಿಂದ ನನ್ನ ಬೈದೇ ಇಲ್ಲ. ನನ್ನ ಆಸೇನೂ ಬಿಟ್ರಿ ಅಂದ್ಕೊಂಡಿದ್ದೆ."

ಅವಳಿಗೆ ಚುರುಕ್ ಎಂದಿತು. ಬಗ್ಗಿ ಡಬ್ಬಿ ತೆಗೆದು, ಒರೆಸಿ, ಎದುರಿಗೆ ಹಿಡಿದಳು. "ಎಳೀರಿ. ಸೋಮಾರಿತನಕ್ಕೆ ನನ್ನತ್ರ ಮಾತ್ರೆ ಇಲ್ಲ."

"ನೀವು ಊಟ ಮಾಡಿದ್ರಾ?"

"ಇಲ್ಲ."

"ಹಾಗಾದ್ರೆ ನಿಮ್ಮದೊಂದು ತುತ್ತು, ನನ್ನದೊಂದು ಉಸಿರು."

ಅವಳು ನಿಯಮ ಮರೆತು ವಾರ್ಡಿನಲ್ಲೇ ಬುತ್ತಿ ಬಿಚ್ಚಿದಳು. ಆರನೇ ತುತ್ತಿಗೆ ಬಾಗಿಲಲ್ಲಿ ಹೆಡ್ ನರ್ಸ್. ಅವರಿಗೆ ಕೋಪ ಸದಾ ಮೂಗಿನ ತುದಿಯಲ್ಲಿ. "ಇದು ವಾರ್ಡೋ ಹೋಟೆಲ್ಲೋ?"

"ಚಿಕಿತ್ಸೆ ನಡೀತಿದೆ ಮೇಡಂ" ಎಂದರು ತಾತ. "ಯಾರಿಗೆ ಅಂತ ಮಾತ್ರ ಕೇಳ್ಬೇಡಿ."

ಹೆಡ್ ನರ್ಸ್ ಬೆನ್ನು ತಿರುಗಿಸಿ ಹೋದರು. ಹೋಗುವಾಗ ಅವರ ಭುಜ ಕುಲುಕುತ್ತಿತ್ತು.

ಆ ಭಾನುವಾರ ನರ್ಸು ಪೋಸ್ಟ್‌ಮ್ಯಾನ್ ಮನೆಗೆ ಹೋಗಿ, ಅವರ ಹೆಂಡತಿಯ ಜೊತೆ ಕೂತು, ಗಂಡ ವಾರ್ಡಿನಲ್ಲಿ ಹೇಳಿದ ತಮಾಷೆಗಳನ್ನೆಲ್ಲ ಒಪ್ಪಿಸಿದಳು. ಇಬ್ಬರೂ ಅತ್ತರು, ನಕ್ಕರು. ರೆಕಾರ್ಡ್ ರೂಮಿನ ಮಾತನ್ನು ಅವಳು ಆಮೇಲೆ ಎತ್ತಲಿಲ್ಲ.

ಆ ಶುಕ್ರವಾರದಿಂದ ನಾಲ್ಕನೇ ದಿನ ತಾತನ ಎರಡನೇ ಚೆಂಡು ಎದ್ದಿತು. ಹನ್ನೊಂದನೇ ದಿನ ಮೂರನೆಯದು ತಡವರಿಸುತ್ತ ಏರಿ ಟಕ್ ಎಂದು ಮುಚ್ಚಳಕ್ಕೆ ಬಡಿದಾಗ ಇಡೀ ವಾರ್ಡು ಚಪ್ಪಾಳೆ ತಟ್ಟಿತು.

ಮನೆಗೆ ಹೊರಡುವ ದಿನ ಬ್ಯಾಂಡಿನ ಗೆಳೆಯರು ತಾತನ ಕ್ಲಾರಿನೆಟ್ ತಂದರು. ತಾತ ವರಾಂಡದಲ್ಲಿ ನಿಂತು ಊದಿದರು. ಮೊದಲ ಸ್ವರ ಬಾಲ ತುಳಿಸಿಕೊಂಡ ಬಾತುಕೋಳಿಯ ಹಾಗೆ ಬಂತು. ಎಲ್ಲರಿಗಿಂತ ಮೊದಲು ತಾತನೇ ನಕ್ಕರು. ಆಮೇಲೆ ತುಟಿ ಒದ್ದೆ ಮಾಡಿಕೊಂಡು, ನಿಧಾನವಾಗಿ, ಒಂದು ಪುಟ್ಟ ಧಾಟಿ ನುಡಿಸಿದರು. ಅದು ಕುಣಿಯುವ ಧಾಟಿ. ನರ್ಸಿನ ಕಾಲು ತಾನಾಗಿಯೇ ತಾಳ ಹಾಕುತ್ತಿತ್ತು.

ಹೆಡ್ ನರ್ಸ್ ದುಡುದುಡು ಬಂದರು. ತಾತ ಕ್ಲಾರಿನೆಟ್ ಕೆಳಗಿಳಿಸಿದರು.

"ನಿಲ್ಲಿಸಿದ್ದು ಯಾಕೆ? ಕೆಳಗಿನ ವಾರ್ಡಿನೋರು ಕಿಟಕಿ ತೆಗೆಸಿ ಕಾಯ್ತಿದಾರೆ."

ಮಧ್ಯಾಹ್ನ ಆ ಹಾಸಿಗೆಗೆ ಬೇಕರಿಯವರೊಬ್ಬರು ಏದುಸಿರು ಬಿಡುತ್ತ ಬಂದರು. ಹೊಸ ಬಟ್ಟೆ ಹಾಸಿದ ಮಂಚವನ್ನು ಅನುಮಾನದಿಂದ ನೋಡಿ, "ಇಲ್ಲಿ ಮೊದಲು ಇದ್ದೋರು ಏನಾದ್ರು?" ಎಂದು ಕೇಳಿದರು.

"ಮನೆಗೆ ಹೋದ್ರು" ಎಂದಳು ಅವಳು, ದಿಂಬು ಎತ್ತರಿಸುತ್ತ. "ಅಬ್ಬಾ, ಏನು ಗಲಾಟೆ ಮಾಡ್ಕೊಂಡು ಹೋದ್ರು ಅಂತೀರಿ."