ಗುರುವಾರದ ಮಣೆ

ಹನ್ನೊಂದು ಗುರುವಾರಗಳ ಮನೆಪಾಠದ ಹಾಳೆ ತುಂಬಿದ್ದೇನೆ, ಅದರಲ್ಲಿ ಒಂದು ಗುರುವಾರವೂ ಪಾಠಕ್ಕೆ ಹೋಗಿಲ್ಲ. ಇದನ್ನು ಡೈರಿಗೆ ಹೇಳುವುದಕ್ಕೂ ನನಗೆ ನಾಚಿಕೆ.

ಎಚ್.ಡಿ. ಕೋಟೆಯ ವಿಶೇಷ ಮಕ್ಕಳ ಶಿಬಿರದಲ್ಲಿ ಬೃಂದಾಳನ್ನು ಕಂಡಿದ್ದೆ. ಒಂಬತ್ತು ವರ್ಷ, ಆಟಿಸಂ, ಮಾತಿಲ್ಲ. ಮನೆಗೇ ಹೋಗಿ ಕಲಿಸಬೇಕಾದ ಮಗು. ಅವಳಿಗೆಂದೇ ಒಂದು ಯೋಜನೆ ಬರೆದೆ: ಅವರೆಕಾಳು, ಹುರುಳಿ ಬೇರೆ ಮಾಡುವುದು; ಒಂದು ಸಲ ಅವಳು, ಒಂದು ಸಲ ಟೀಚರು; ಸರದಿ ಕಾಯುವುದು. ಅಲ್ಲೇ ಒಮ್ಮೆ ಅವಳಿಗೆ ಆಡಿ ತೋರಿಸಿದೆ. ಅವಳ ತಾಯಿ ಯಶೋದಮ್ಮ ಹೊರಗೆ ಸಾಲಿನಲ್ಲಿ ನಿಂತಿದ್ದಾಗ, ವಾರದ ಏಳು ಚೌಕಗಳ ಪಟ್ಟಿಯೊಂದನ್ನು ಬೃಂದಾಳ ಕೈಗೆ ಕೊಟ್ಟೆ. ಗುರುವಾರದ ಚೌಕದಲ್ಲಿ ಎದುರುಬದುರು ಕೂತ ಇಬ್ಬರನ್ನು ಪೆನ್ಸಿಲ್ಲಿನಲ್ಲಿ ಬರೆದು, ‘ಇದು ನೀನು, ಇದು ನಾನು, ಮೂರು ಗಂಟೆಗೆ ಬರ್ತೀನಿ’ ಅಂದೆ. ಅವಳು ನನ್ನ ಮುಖವನ್ನೇ ನೋಡಲಿಲ್ಲ. ಆಮೇಲೆ, ಪಾಠ ನಡೆಯಿತೆಂಬ ಸಾಕ್ಷಿಗೆ ಬೇಕಾದ ಯಶೋದಮ್ಮನ ಹೆಬ್ಬೆಟ್ಟನ್ನು ಹನ್ನೆರಡು ವಾರಗಳ ಖಾಲಿ ಹಾಳೆಗಳಿಗೂ ಒಟ್ಟಿಗೇ ಒತ್ತಿಸಿಕೊಂಡೆ. ನಮ್ಮಲ್ಲಿ ಹಾಗೇ ರೂಢಿ.

ಮೊದಲ ಗುರುವಾರ ಅವರ ಊರಲ್ಲಿ ಇಳಿದೆ. ಜಗಲಿಯ ಮೇಲಿದ್ದ ಗಂಡಸರೆಲ್ಲ ತಲೆಯೆತ್ತಿ ನೋಡಿದರು. ಧೈರ್ಯ ಸಾಲದೆ ಅದೇ ಬಸ್ಸು ಹತ್ತಿ ಹಿಂತಿರುಗಿದೆ. ಅಂದಿನಿಂದ ರೂಮಿನಲ್ಲೇ ಕೂತು ಬರೆದೆ: ‘ಸರದಿ ಕಾಯುತ್ತಾಳೆ. ಕೈ ಮಡಿಲಲ್ಲಿಟ್ಟುಕೊಳ್ಳುತ್ತಾಳೆ.’

ಕೊನೆಯ ಹಾಳೆಗೆ ಪಾಠದ ಫೋಟೊ ಅಂಟಿಸಬೇಕಿತ್ತು. ಹನ್ನೆರಡನೆಯ ಗುರುವಾರ ಹೋಗಲೇಬೇಕಾಯಿತು.

ಬೃಂದಾಳ ಅಜ್ಜಿ ಚಿಕ್ಕಬೀರಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು.

“ಯಾರವ್ವ?”

“ಕೋಟೆಯಿಂದ... ಟೀಚರು.”

“ಓ, ಈಗ್ ದಾರಿ ಸಿಕ್ತಾ? ಬಾ, ನೋಡ್ಬಾ. ನಿನ್ ಶಿಷ್ಯೆಗೆ ಜತೆಗಾರ್ತಿ ಸಿಕ್ಕವ್ಳೆ.”

ನಡುಮನೆಯಲ್ಲಿ ಎರಡು ಮಣೆ. ಒಂದರ ಮೇಲೆ ಬೃಂದಾ. ಎದುರಿನದು ಖಾಲಿ. ನಡುವೆ ಎರಡು ಬಟ್ಟಲು, ಬೆರೆಸಿಟ್ಟ ಕಾಳಿನ ಒಂದು ಮೊರ. ಅವಳು ಒಂದು ಅವರೆಕಾಳು ಹಾಕಿದಳು. ಕೈ ಮಡಿಲಲ್ಲಿಟ್ಟುಕೊಂಡಳು. ಇನ್ನೊಬ್ಬರ ಕೈ ಚಾಚಿ ಹಿಂದೆ ಸರಿಯುವಷ್ಟು ಹೊತ್ತು ಕಾದಳು. ಯಾರೋ ಏನೋ ಹೇಳಿದ ಹಾಗೆ ತಲೆಯಾಡಿಸಿ, ಒಂದು ಹುರುಳಿ ಹಾಕಿದಳು. ನಾನು ಕಾಣದೆ ಬರೆದದ್ದೆಲ್ಲ ಕಣ್ಣೆದುರು ನಡೆಯುತ್ತಿತ್ತು. ಒಳಗೆ ಬಂದ ಕೋಳಿಯೊಂದು ಆ ಖಾಲಿ ಮಣೆಯನ್ನು ದೂರದಿಂದ ಬಳಸಿಕೊಂಡು ಹೋಯಿತು.

“ಹನ್ನೊಂದ್ ವಾರದಿಂದ ಇಂಗೇಯ ಮೇಡಂ,” ಯಶೋದಮ್ಮ ಪಿಸುಗುಟ್ಟಿದರು. “ಮೂರ್ ಗಂಟೆಗೆ ಅವ್ಳೇ ಮಣೆ ಆಕ್ತಳೆ. ಅದ್ರ ಮ್ಯಾಲೆ ನನ್ನೂ ಕೂರಕ್ಕೆ ಬುಡಲ್ಲ, ಕಿರುಚ್ತಳೆ.”

“ಗಾಳಿ ಕೂತದೆ ಕಣವ್ವ ಅದ್ರ ಮ್ಯಾಲೆ,” ಅಂದರು ಅಜ್ಜಿ. “ನಾಳೀಕೆ ಮಣೆನೂ ಆ ಚೀಟಿನೂ ಒಲೆಗಾಕ್ತೀನಿ. ಇವ್ಳ ಕಾಲ್ಗೆ ಅಗ್ಗ ಕಟ್ಟಿ ಒಳ್ಗೆ ಕೂರುಸ್ತೀವಿ. ಪಾಠನೂ ಬ್ಯಾಡ, ಗೀಠನೂ ಬ್ಯಾಡ.”

ಚೀಟಿ ಗೋಡೆಯಲ್ಲಿತ್ತು. ನನ್ನದೇ ಪಟ್ಟಿ. ಗುರುವಾರದ ಚೌಕ ಬೆರಳು ಉಜ್ಜಿ ಉಜ್ಜಿ ಸವೆದಿತ್ತು. ಇಬ್ಬರಲ್ಲಿ ಒಬ್ಬಳು ಮಾತ್ರ ಉಳಿದಿದ್ದಳು. ನಾನು ಅಳಿಸಿಹೋಗಿದ್ದೆ.

ಅಜ್ಜಿಯ ಮಾತಿಗೆ ಹೂಂಗುಟ್ಟಿ, ಫೋಟೊ ತೆಗೆದುಕೊಂಡು ನಾಲ್ಕು ಗಂಟೆಯ ಬಸ್ಸು ಹಿಡಿಯಬಹುದಿತ್ತು. ಅಷ್ಟರಲ್ಲಿ ಬೃಂದಾ ಇನ್ನೊಂದು ಕಾಳು ಹಾಕಿ, ಕೈ ಮಡಿಲಿಗೆ ತಂದು, ಖಾಲಿ ಮಣೆಯ ಕಡೆ ಕಿವಿಯಾನಿಸಿ ಕೂತಳು.

“ಗಾಳಿ ಅಲ್ಲ ಅಜ್ಜಿ,” ಅಂದೆ. ನನ್ನ ದನಿ ಆ ಮನೆಯಲ್ಲಿ ಬೇರೆ ಯಾರದೋ ಹಾಗೆ ಕೇಳಿಸಿತು. “ಅದು ನನ್ನ ಮಣೆ. ಬರ್ತೀನಿ ಅಂತ ಇವಳಿಗೆ ಹೇಳಿದ್ದೆ. ಒಂದಿನಾನೂ ಬರ್ಲಿಲ್ಲ.”