ಹನ್ನೆರಡು ಪಾಯಿಂಟ್ ಕೆಂಪು

ದೀಪ ಆರಿಸಿ ಆಣೆ ಮಾಡಬಹುದು, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ: ಹದಿನಾರು ವರ್ಷ ಕುಶಾಲನಗರದಲ್ಲಿ ಸತ್ತವರೂ ನಾಚಿಕೊಳ್ಳುತ್ತಿದ್ದರು. ಶ್ರದ್ಧಾಂಜಲಿ ಫ್ಲೆಕ್ಸುಗಳಲ್ಲಿ ಎಂಬತ್ತು ದಾಟಿದ ಅಜ್ಜಂದಿರ ಕೆನ್ನೆಯೂ ಮದುವಣಗಿತ್ತಿಯ ಕೆನ್ನೆಯಂತೆ ಕೆಂಪೇರಿರುತ್ತಿತ್ತು. ಹಾಕಿ ಪಂದ್ಯದ ಬ್ಯಾನರಿನಲ್ಲಿ ಗೋಲ್‌ಕೀಪರ್, ಹೋಂಸ್ಟೇ ಬೋರ್ಡಿನಲ್ಲಿ ಬಿಳಿ ನಾಯಿ, ಎಲ್ಲರದೂ ಅದೇ ಕಥೆ.

ಕಾರಣ, ಫ್ಲೆಕ್ಸ್ ಅಂಗಡಿಯ ಚಿದಂಬರನ ಹೆಂಡತಿ ಕಾತ್ಯಾಯನಿ. ಹತ್ತಡಿ ಅಗಲದ ಪ್ರಿಂಟರ್ ಬಂದ ದಿನ ಬಣ್ಣ ಹೊಂದಿಸಲು ಅವನು ಹಾಕಿದ್ದು ಅವಳ ಫೋಟೊ. ಮದುವೆಯ ಹೊಸತರಲ್ಲಿ ನಿಸರ್ಗಧಾಮದ ತೂಗುಸೇತುವೆಯ ಮೇಲೆ ತಾನೇ ತೆಗೆದದ್ದು. ತನ್ನ ನೆನಪಿನಲ್ಲಿದ್ದಷ್ಟು ಕೆಂಪು ಬರುವವರೆಗೆ ಮೆಜೆಂಟಾ, ಅಂದರೆ ಕೆಂಪು ಶಾಯಿ, ಏರಿಸುತ್ತಾ ಹೋಗಿ, ಹನ್ನೆರಡು ಪಾಯಿಂಟಿಗೆ ನಿಲ್ಲಿಸಿದ. ಆಮೇಲೆ ಊರಿಗೆ ಊರೇ ಆ ಹನ್ನೆರಡರಲ್ಲಿ ಅಚ್ಚಾಯಿತು.

ಮೊನ್ನೆ ಪ್ರಿಂಟರಿನ ಶಾಯಿ ಚಿಮ್ಮುವ ಹೆಡ್ ಬದಲಾಯಿಸಲು ಮೈಸೂರಿನಿಂದ ಟೆಕ್ನಿಷಿಯನ್ ಅನೀಶ್ ಬಂದ. ಸಾಲು ಸಾಲು ಬಣ್ಣದ ಚೌಕಗಳನ್ನು ಅಚ್ಚು ಹಾಕಿ, ಅಂಗೈಯಗಲದ ಮೀಟರನ್ನು ಒಂದೊಂದರ ಮೇಲೂ ಇಟ್ಟು ಅಳೆದ.

"ಯಾರಣ್ಣ ಮೆಜೆಂಟಾ ಹಿಂಗೆ ಸುರಿದಿರೋದು? ಊರಿಗೆಲ್ಲ ಜ್ವರ ಬಂದಂಗಿದೆ!"

ಅನೀಶ್ ಎಲ್ಲ ಸರಿಮಾಡಿ, ಕೊನೆಗೆ ಪರೀಕ್ಷೆಗೆಂದು ಆ ತೂಗುಸೇತುವೆಯ ಫೋಟೊವನ್ನೇ ಅಚ್ಚು ಹಾಕಿದ. ಟೀ ತಂದ ಕಾತ್ಯಾಯನಿ ಬಗ್ಗಿ ನೋಡಿದಳು. ಪಕ್ಕದಲ್ಲಿ ತನ್ನ ಕೈಯಿಟ್ಟು ಮತ್ತೆ ನೋಡಿದಳು.

"ರೀ, ಇದು ನಾನೇ! ಕಿವಿ ಹತ್ರ ಮಚ್ಚೆ ನೋಡಿ. ನೀವು ಹಾಕಿದ್ರಲ್ಲಿ ಒಂದ್ ದಿನ ಆದ್ರೂ ಕಂಡಿತ್ತಾ?"

ಚಿದಂಬರ ಅನೀಶನನ್ನು ದುರುಗುಟ್ಟಿ ನೋಡಿದ. ಹದಿನಾರು ವರ್ಷ ಕೆಂಪಿನಲ್ಲಿ ಮುಳುಗಿದ್ದ ಮಚ್ಚೆಯನ್ನು ಇವನು ಒಂದು ಗಂಟೆಯಲ್ಲಿ ಎತ್ತಿ ತೋರಿಸಿದ್ದ.

"ಅಕ್ಕನ ಬಣ್ಣ ಇರೋ ಹಾಗೇ ಚೆನ್ನಾಗಿದೆ," ಎಂದ ಅನೀಶ್.

ಅಕ್ಕ ಎಂದದ್ದರಿಂದಲೂ ಚಿದಂಬರನಿಗೆ ಏನೂ ಹಗುರವಾಗಲಿಲ್ಲ. ಟೀಗೆ ಸಕ್ಕರೆ ಸಾಕಾ ಎಂದು ಅವಳು ಅನೀಶನನ್ನು ಎರಡು ಸಲ ಕೇಳಿದ್ದಳು. ತನ್ನನ್ನು ಕೇಳಿ ಎಷ್ಟು ಕಾಲವಾಗಿತ್ತು!

ಅನೀಶನ ಬೈಕು ಬಸ್‌ಸ್ಟ್ಯಾಂಡ್ ದಾಟುವ ಮೊದಲೇ ಚಿದಂಬರ ಮೆಜೆಂಟಾವನ್ನು ಹನ್ನೆರಡಕ್ಕೆ ಏರಿಸಿ ಅದೇ ಫೋಟೊವನ್ನು ಮತ್ತೆ ಅಚ್ಚು ಹಾಕಿದ. ಎರಡು ಮುಖಗಳು ಮೇಜಿನ ಮೇಲೆ ಅಕ್ಕಪಕ್ಕ ಬಿದ್ದುಕೊಂಡವು.

"ಈಗ ನೋಡು. ನೀನು ಅಂದ್ರೆ ಇದು."

ಕಾತ್ಯಾಯನಿ ಆ ಕೆಂಪು ಮುಖವನ್ನು ತುಂಬ ಹೊತ್ತು ನೋಡಿದಳು.

"ಯಾರ್ರೀ ಇವಳು?"

"ಅಯ್ಯೋ, ನೀನೇ ಕಣೇ!"

"ನಾನ್ಯಾವತ್ತು ಹಿಂಗಿದ್ದೆ? ಇಷ್ಟು ವರ್ಷ ಮನೇಲಿ ನನ್ನ ಇಟ್ಕೊಂಡು, ಇಲ್ಲಿ ಕೂತು ದಿನಾ ಇವಳನ್ನ ನೋಡ್ತಿದ್ರಾ?"

"ಕಾತ್ಯಾ, ನಿಂಗೆ ನೆನಪಿಲ್ಲ. ಅವತ್ತು ಸೇತುವೆ ಅಲ್ಲಾಡ್ತು, ನಾನು ಕ್ಯಾಮೆರಾ ಎತ್ತಿದೆ, ಆಗ ನೀನು ನನ್ನೇ ನೋಡ್ಕೊಂಡು ಎಷ್ಟು ಕೆಂಪಾದೆ ಅಂದ್ರೆ—"

ಕಾತ್ಯಾಯನಿ ಅನೀಶ್ ಹಾಕಿಕೊಟ್ಟ ಪ್ರಿಂಟನ್ನು, ಶಾಯಿ ಕೈಗೆ ಅಂಟದಂತೆ ಎರಡು ಮೂಲೆಯಲ್ಲಿ ಹಿಡಿದು, ಆಗಲೇ ಮೆಟ್ಟಿಲಿಳಿದು ಬಿಸಿಲಿಗೆ ಹೋಗಿದ್ದಳು.